ಕಪ್ಪತಗುಡ್ಡ ಮತ್ತು ತುಂಗಭದ್ರೆಯ ಬಯಲಿನ ಸೆಪ್ಟೆಂಬರ್–ಅಕ್ಟೋಬರ್ ಹವಾಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಗದಗದ ದಕ್ಷಿಣಕ್ಕೆ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳತ್ತ ಚಾಚಿಕೊಂಡಿರುವ ಕಪ್ಪತಗುಡ್ಡದ ಸಾಲು, ಅದರ ಬುಡದಿಂದ ತುಂಗಭದ್ರೆಯ ದಂಡೆಯವರೆಗೆ ಹರಡಿದ ಎರಿ (ಕಪ್ಪು ಮಣ್ಣಿನ) ಮತ್ತು ಮಸಾರಿ (ಕೆಂಪು ಮಣ್ಣಿನ) ಬಯಲು, ಇವೇ ಈ ಪುಟದ ವ್ಯಾಪ್ತಿ. ಹುಬ್ಬಳ್ಳಿ-ಧಾರವಾಡ, ಹಾವೇರಿಗಳ ಮಾತು ಹೋಲಿಕೆಗೆ ಬೇಕಾದಲ್ಲಿ ಮಾತ್ರ ಬಂದಿದೆ. ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಹುಬ್ಬೆ ಮಳೆ ಕಾಲಿಡುವ ಆಗಸ್ಟ್ ಕೊನೆಯಿಂದ ಸ್ವಾತಿ ಮಳೆ ಮುಗಿಯುವ ನವೆಂಬರ್ ಮೊದಲ ವಾರದವರೆಗಿನ ಅವಧಿ ಇಲ್ಲಿಯ ವಿಷಯ. ಇಂಥ ದಿನ ಇಂಥ ಊರಿಗೆ ಮಳೆ ಬರುತ್ತದೆ ಎಂಬ ಭವಿಷ್ಯವನ್ನು ಇಲ್ಲಿ ಹುಡುಕಬಾರದು. ಆ ಭವಿಷ್ಯವನ್ನು ಹೇಳುವವರ ಮಾತನ್ನು ನಮ್ಮ ಹೊಲಕ್ಕೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ.

ಮುಂಗಾರು ಮುಗಿಯುವ ಹೊತ್ತಿಗೇ ನಮ್ಮಲ್ಲಿ ಮಳೆ ಹೆಚ್ಚುವುದೇಕೆ?

ಜುಲೈ ತಿಂಗಳಲ್ಲಿ ಧಾರವಾಡದವರು ಕೊಡೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ, ಅದೇ ದಿನ ಮುಂಡರಗಿಯಲ್ಲಿ ಗಾಳಿ ಬೀಸುತ್ತದೆ, ಮೋಡ ಓಡುತ್ತದೆ, ಹನಿ ಮಾತ್ರ ನೆಲ ನೆನೆಯುವಷ್ಟು ಬೀಳುವುದಿಲ್ಲ. ಅರಬ್ಬಿ ಸಮುದ್ರದಿಂದ ಬರುವ ಪಡುಗಾಳಿ ತನ್ನ ತೇವದ ಬಹುಪಾಲನ್ನು ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿಯೇ ಸುರಿದು, ಘಟ್ಟ ಇಳಿದು ಪೂರ್ವಕ್ಕೆ ಬರುವಷ್ಟರಲ್ಲಿ ಒಣಗಿರುವುದೇ ಇದಕ್ಕೆ ಕಾರಣ. ಗದಗ ಜಿಲ್ಲೆ ಹೀಗೆ ಮಳೆಯ ನೆರಳಿನಲ್ಲಿದೆ. ವರ್ಷದ ಸರಾಸರಿ ಮಳೆ ಸುಮಾರು 600 ರಿಂದ 650 ಮಿಲಿಮೀಟರಿನಷ್ಟೇ.

ಸೆಪ್ಟೆಂಬರಿನಲ್ಲಿ ಈ ಚಿತ್ರ ಬದಲಾಗುತ್ತದೆ. ಪಡುಗಾಳಿಯ ವೇಗ ತಗ್ಗುತ್ತದೆ, ಮೋಡ ಹರಿದು ಬಿಸಿಲು ನೆಲಕ್ಕೆ ತಾಗುತ್ತದೆ. ಸೂರ್ಯ ಆಗಸ್ಟ್ ಎರಡನೆಯ ವಾರದಲ್ಲಿ ನಮ್ಮ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಸರಿದಿದ್ದರೂ ಇನ್ನೂ ದೂರ ಹೋಗಿರುವುದಿಲ್ಲವಾದ್ದರಿಂದ, ಮಧ್ಯಾಹ್ನದ ಹೊತ್ತಿಗೆ ನೆಲ ಚೆನ್ನಾಗಿ ಕಾಯುತ್ತದೆ. ಕಾದ ಗಾಳಿ ಮೇಲಕ್ಕೇಳುವಾಗ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ತೇವವೂ ಅದಕ್ಕೆ ಸಿಕ್ಕರೆ, ಮೂರು-ನಾಲ್ಕು ಗಂಟೆಗೆ ಮೋಡ ಗೋಪುರದಂತೆ ಬೆಳೆದು, ಸಂಜೆ ಗುಡುಗಿನೊಡನೆ ಸುರಿಯುತ್ತದೆ. ಧಾರವಾಡಕ್ಕೆ ಜುಲೈ ಹೇಗೋ ಗದಗದ ಬಯಲಿಗೆ ಸೆಪ್ಟೆಂಬರ್ ಹಾಗೆ. ಎರಡೂ ಊರುಗಳ ನಡುವೆ ಎಂಬತ್ತು ಕಿಲೋಮೀಟರ್ ಅಂತರವೂ ಇಲ್ಲ. ಆದರೂ ಮಳೆಗಾಲದ ಪಂಚಾಂಗವೇ ಬೇರೆ.

ಈ ಬದಲಾವಣೆಯನ್ನು ಕಣ್ಣಿನಿಂದ ನೋಡಬೇಕೆಂದರೆ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಗಮನಿಸಬಹುದು. ಗಾಳಿ ಯಾವ ದಿಕ್ಕಿನಿಂದ ಬರುತ್ತದೆಯೋ ಆ ದಿಕ್ಕಿಗೆ ಅವು ಮುಖ ತಿರುಗಿಸಿಕೊಳ್ಳುತ್ತವೆ. ಜುಲೈನಲ್ಲಿ ಎಲ್ಲವೂ ಪಶ್ಚಿಮಕ್ಕೆ ಮುಖಮಾಡಿ ರಭಸದಿಂದ ತಿರುಗುತ್ತಿರುತ್ತವೆ, ಸೆಪ್ಟೆಂಬರಿನಲ್ಲಿ ಹಲವು ಗಂಟೆ ನಿಂತೇ ಇರುತ್ತವೆ, ಅಕ್ಟೋಬರಿನಲ್ಲಿ ಪೂರ್ವದ ಕಡೆಗೆ ಹೊರಳಿರುತ್ತವೆ. ವಿದ್ಯುತ್ತಿಗಾಗಿ ನಿಲ್ಲಿಸಿದ ಯಂತ್ರ ಊರಿಗೆಲ್ಲ ಕಾಣುವ ಗಾಳಿಯ ದಿಕ್ಸೂಚಿಯೂ ಆಗಿದೆ. ನಿಂತ ಯಂತ್ರ ಮಾತ್ರ ಹಿಂದಿನ ಗಾಳಿಯ ದಿಕ್ಕನ್ನೇ ತೋರಿಸುತ್ತಿರಬಹುದಾದ್ದರಿಂದ, ತಿರುಗುತ್ತಿರುವುದನ್ನೇ ನೋಡಬೇಕು.

ಹಿಂಗಾರು ಯಾವಾಗ ಆರಂಭವಾಗುತ್ತದೆ?

ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರನ್ನೂ ಬೆರೆಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಸರ್ಕಾರಿ ಲೆಕ್ಕದಲ್ಲಿ ಜೂನ್ 1 ರಿಂದ ಸೆಪ್ಟೆಂಬರ್ 30 ರವರೆಗೆ ಬಿದ್ದದ್ದು ಮುಂಗಾರು, ಅಕ್ಟೋಬರ್ 1 ರಿಂದ ಡಿಸೆಂಬರ್ 31 ರವರೆಗೆ ಬಿದ್ದದ್ದು ಹಿಂಗಾರು. ಇದು ದಫ್ತರದ ಗೆರೆ. ಮೋಡಕ್ಕೆ ಅದರ ಪರಿವೆ ಇಲ್ಲ.

ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ ನೈರುತ್ಯ ಮಾರುತ ಪಶ್ಚಿಮ ರಾಜಸ್ಥಾನದಿಂದ ಹಿಂದೆ ಸರಿಯತೊಡಗುವ ಸಾಮಾನ್ಯ ದಿನಾಂಕ ಸೆಪ್ಟೆಂಬರ್ 17. ದೇಶದಿಂದ ಪೂರ್ತಿ ಹಿಂದೆ ಸರಿಯುವುದು ಅಕ್ಟೋಬರ್ 15 ರ ಸುಮಾರಿಗೆ. ನಮ್ಮ ಭಾಗ ಆ ಪಯಣದ ಕೊನೆಯ ಹಂತದಲ್ಲಿ ಬರುತ್ತದೆ. ಇದರ ಬೆನ್ನಿಗೇ ಈಶಾನ್ಯ ಮಾರುತ ನೆಲೆಗೊಳ್ಳುತ್ತದೆ. ಆದರೆ ಈಶಾನ್ಯ ಮಾರುತದ ಮಳೆಯ ಪ್ರದೇಶವೆಂದು ಹವಾಮಾನ ಇಲಾಖೆ ಗುರುತಿಸುವ ಐದು ಉಪವಿಭಾಗಗಳಲ್ಲಿ ದಕ್ಷಿಣ ಒಳನಾಡು ಕರ್ನಾಟಕ ಇದೆಯೇ ಹೊರತು, ಗದಗ, ಧಾರವಾಡ, ಹಾವೇರಿಗಳು ಸೇರಿರುವ ಉತ್ತರ ಒಳನಾಡು ಇಲ್ಲ. ಆದ್ದರಿಂದ ‘ಈಶಾನ್ಯ ಮಾರುತ ಈ ವರ್ಷ ಚೆನ್ನಾಗಿದೆ’ ಎಂಬ ಸುದ್ದಿ ಚೆನ್ನೈಗೆ ಹೇಳುವಷ್ಟನ್ನು ಶಿರಹಟ್ಟಿಗೆ ಹೇಳುವುದಿಲ್ಲ.

ರೈತರ ಲೆಕ್ಕದಲ್ಲಿ ಹಿಂಗಾರಿ ಜೋಳ ಬಿತ್ತುವ ಹದವನ್ನು ಕೊಡುವ ಮಳೆಯೇ ಹಿಂಗಾರಿ ಮಳೆ. ಅದು ಉತ್ತರೆಯಲ್ಲಿ ಬರಲಿ, ಹಸ್ತದಲ್ಲಿ ಬರಲಿ. ನಮ್ಮ ಬಯಲಿನ ಮಟ್ಟಿಗೆ ಈ ಮೂರರಲ್ಲಿ ಹೆಚ್ಚು ಅರ್ಥವುಳ್ಳದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ದಫ್ತರದಲ್ಲಿ ಮುಂಗಾರಿನ ಖಾತೆಗೆ ಜಮೆಯಾಗುವ ಸೆಪ್ಟೆಂಬರ್ ಮಳೆಯೇ ನಮ್ಮ ಹಿಂಗಾರು ಬೆಳೆಯ ಬಂಡವಾಳ.

ಪಕ್ಕದ ಊರಿನಲ್ಲಿ ಹಳ್ಳ ಹರಿಯುವಷ್ಟು ಮಳೆಯಾದರೂ ನಮ್ಮೂರಲ್ಲಿ ಧೂಳು ಅಡಗುವುದಿಲ್ಲವೇಕೆ?

ಜುಲೈನ ಜಿಟಿಜಿಟಿ ಮಳೆ ನೂರಾರು ಕಿಲೋಮೀಟರ್ ಹಾಸಿಕೊಂಡ ಮೋಡದಿಂದ ಬರುತ್ತದೆ. ಸೆಪ್ಟೆಂಬರಿನ ಗುಡುಗುಮಳೆಯ ಒಂದೊಂದು ಮೋಡ ಕೆಲವೇ ಕಿಲೋಮೀಟರ್ ಅಗಲವಿದ್ದು, ಮುಕ್ಕಾಲು ತಾಸು, ಹೆಚ್ಚೆಂದರೆ ಒಂದು ತಾಸು ಬದುಕಿ ಮುಗಿಯುತ್ತದೆ. ಒಂದೇ ಊರಿನ ಮೂಡಣ ಹೊಲ ನೆನೆದು ಪಡುವಣ ಹೊಲ ಒಣಗಿರುವುದು ಈ ಕಾಲದಲ್ಲಿ ಅಪರೂಪವಲ್ಲ. ತಾಲ್ಲೂಕಿನ ಸರಾಸರಿ ‘ವಾಡಿಕೆಯಷ್ಟು’ ಎಂದು ತೋರಿಸುತ್ತಿರುವಾಗಲೂ ಒಂದು ಊರಿಗೆ ಬರ, ಮತ್ತೊಂದಕ್ಕೆ ಬೆಳೆ ಕೊಳೆಯುವಷ್ಟು ನೀರು ಆಗಿರಬಹುದು. ಇಲಾಖೆಯ ಮಾತಿನಲ್ಲಿ ವಾಡಿಕೆ ಎಂದರೆ ಸರಾಸರಿಗಿಂತ ಶೇ. 19 ರಷ್ಟು ಹೆಚ್ಚು ಅಥವಾ ಕಡಿಮೆಯವರೆಗಿನ ಎಲ್ಲವೂ ಎಂಬುದನ್ನೂ ಮರೆಯಬಾರದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ತಾನೇ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿರುವುದು ಇದೇ ಕಾರಣಕ್ಕೆ. ಆದರೂ ಒಂದು ಪಂಚಾಯಿತಿಗೆ ಒಂದು ಮಾಪಕವೆಂದರೆ ಅದು ತಾನು ನಿಂತ ಜಾಗದ ಮಾತನ್ನಷ್ಟೇ ಹೇಳುತ್ತದೆ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಮರ-ಮಾಡುಗಳಿಂದ ದೂರ, ಬಯಲಿನಲ್ಲಿ ಇಟ್ಟು, ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ನಿಮ್ಮ ಹೊಲದ ಮಳೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಎಂಟೂವರೆ ಏಕೆಂದರೆ ಇಲಾಖೆಯ ದಿನವೂ ಆ ಹೊತ್ತಿಗೇ ಮುಗಿಯುತ್ತದೆ. ಎರಡನ್ನೂ ಹೋಲಿಸುವುದು ಸುಲಭವಾಗುತ್ತದೆ.

ಕಪ್ಪತಗುಡ್ಡ ಮಳೆ ತರುತ್ತದೆಯೇ, ತಡೆಯುತ್ತದೆಯೇ?

ಎರಡೂ ಮಾತನ್ನು ಜನ ಆಡುತ್ತಾರೆ, ಎರಡರಲ್ಲೂ ಉತ್ಪ್ರೇಕ್ಷೆ ಇದೆ. ಸಹ್ಯಾದ್ರಿಯಂತೆ ಮೋಡವನ್ನು ಅಡ್ಡಗಟ್ಟಿ ಹಿಂಡುವಷ್ಟು ಎತ್ತರ ಈ ಗುಡ್ಡಕ್ಕಿಲ್ಲ. ಬಿಸಿಲು ಬಿದ್ದ ಇಳಿಜಾರು ಬಯಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಮೊದಲ ಮೋಡಗಳು ಗುಡ್ಡದ ಸಾಲಿನ ಮೇಲೆ ಕಟ್ಟುವುದುಂಟು. ಅವು ಅಲ್ಲಿಯೇ ಸುರಿಯುತ್ತವೋ ಗಾಳಿಯೊಡನೆ ಜರುಗಿ ಡಂಬಳದ ಬಯಲಿಗೆ ಸುರಿಯುತ್ತವೋ ಎಂಬುದು ಆ ದಿನದ ಮೇಲ್ಗಾಳಿಗೆ ಬಿಟ್ಟ ವಿಷಯ.

ಗುಡ್ಡದ ನಿಜವಾದ ಉಪಕಾರ ಮಳೆ ಬಿದ್ದ ಮೇಲೆ ಕಾಣುತ್ತದೆ. ಕುರುಚಲು ಕಾಡು, ಹುಲ್ಲು ಇರುವ ಇಳಿಜಾರಿನಲ್ಲಿ ನೀರು ನಿಧಾನವಾಗಿ ಇಳಿದು, ಬುಡದ ಕೆರೆ-ಬಾವಿಗಳಿಗೆ ವಾರಗಟ್ಟಲೆ ಒಸರು ಕೊಡುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ, ಗಣಿಗಾರಿಕೆಯ ವಿರುದ್ಧ ಜನ ಬೀದಿಗಿಳಿದು ಉಳಿಸಿಕೊಂಡ ಈ ಗುಡ್ಡ 2019 ರಲ್ಲಿ ವನ್ಯಜೀವಿಧಾಮವಾಯಿತು. ಆ ಹೋರಾಟವನ್ನು ಗಿಡಮೂಲಿಕೆಯ ಹೆಸರಿನಲ್ಲಷ್ಟೇ ನೆನೆಯುವವರು ನೀರಿನ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

‘ಅಲ್ಲಲ್ಲಿ ಭಾರೀ ಮಳೆ, ಹಳದಿ ಎಚ್ಚರಿಕೆ’ ಎಂದರೆ ನಾನೇನು ತಿಳಿಯಬೇಕು?

ಇವು ಅಲಂಕಾರದ ಮಾತುಗಳಲ್ಲ, ಒಂದೊಂದಕ್ಕೂ ಅಳತೆಯಿದೆ. ಒಂದು ದಿನದಲ್ಲಿ 64.5 ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ ಮಳೆ; 115.6 ರಿಂದ 204.4 ರವರೆಗೆ ಅತಿ ಭಾರೀ; ಅದಕ್ಕೂ ಮೇಲ್ಪಟ್ಟದ್ದು ಅತ್ಯಂತ ಭಾರೀ. 2.5 ಮಿಲಿಮೀಟರಿಗಿಂತ ಕಡಿಮೆ ಬಿದ್ದ ದಿನವನ್ನು ಮಳೆಯ ದಿನವೆಂದೇ ಎಣಿಸುವುದಿಲ್ಲ. ‘ಅಲ್ಲಲ್ಲಿ’ ಎಂದರೆ ಆ ಪ್ರದೇಶದ ಮಳೆಮಾಪಕಗಳಲ್ಲಿ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಕಡೆ. ಅಂದರೆ ‘ಅಲ್ಲಲ್ಲಿ ಮಳೆ’ ಎಂದು ಹೇಳಿದ ದಿನ ನಿಮ್ಮೂರಲ್ಲಿ ಹನಿ ಬೀಳದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಬೈಯುವಂತಿಲ್ಲ. ನಾಲ್ಕರಲ್ಲಿ ಮೂರು ಊರಿಗೆ ಬರುವುದಿಲ್ಲವೆಂದೇ ಅವರು ಹೇಳಿದ್ದರು. ಇದನ್ನು ಅವರು ಇಷ್ಟು ಬಿಡಿಸಿ ಹೇಳುವುದಿಲ್ಲ ಎಂಬ ದೂರು ಮಾತ್ರ ನ್ಯಾಯವಾದದ್ದು.

ಬಣ್ಣಗಳಲ್ಲಿ ಹಸಿರು ಎಂದರೆ ಎಚ್ಚರಿಕೆ ಬೇಕಿಲ್ಲ, ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಮೊಬೈಲಿನಲ್ಲಿ ರಡಾರ್ ಚಿತ್ರ ನೋಡಿ ಮಳೆ ತಿಳಿಯಬಹುದೇ?

ಅರ್ಧದಷ್ಟು. ಪಣಜಿಯ ಡಾಪ್ಲರ್ ರಡಾರಿನಿಂದ ಗದಗ ಸುಮಾರು 190 ಕಿಲೋಮೀಟರ್ ದೂರದಲ್ಲಿದೆ. ಭೂಮಿ ಗುಂಡಗಿರುವುದರಿಂದ ಅಷ್ಟು ದೂರಕ್ಕೆ ಬರುವ ಹೊತ್ತಿಗೆ ಅದರ ಕಿರಣ ನೆಲದಿಂದ ಮೂರೂವರೆ-ನಾಲ್ಕು ಕಿಲೋಮೀಟರ್ ಮೇಲಿರುತ್ತದೆ, ನಡುವೆ ಘಟ್ಟವೂ ಅಡ್ಡ ಬರುತ್ತದೆ. ಎತ್ತರಕ್ಕೆ ಬೆಳೆದ ಗುಡುಗು ಮೋಡ ಅದರಲ್ಲಿ ಕಾಣುತ್ತದೆ. ತಗ್ಗಿನಲ್ಲಿ ಓಡುವ ಮೋಡದ ತುಂತುರು ಕಾಣುವುದಿಲ್ಲ. ಗಂಟೆಗಂಟೆಯ ಮಳೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಆ್ಯಪ್‌ಗಳ ಮೇಲೆ, ಈ ಎರಡು ತಿಂಗಳ ಮಟ್ಟಿಗೆ, ನನಗೆ ಹೆಚ್ಚು ವಿಶ್ವಾಸವಿಲ್ಲ. ಕೃಷಿಗೆ ಸಂಬಂಧಿಸಿದಂತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹವಾಮಾನ ಘಟಕ ಮಂಗಳವಾರ ಮತ್ತು ಶುಕ್ರವಾರ ಕೊಡುವ ಸಲಹಾ ಪತ್ರಿಕೆ, ಹಾಗೂ ‘ಮೇಘದೂತ್’ ಆ್ಯಪ್ ಹೆಚ್ಚು ಉಪಯುಕ್ತ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮಗೇನು?

ಈ ಕಾಲದಲ್ಲಿ ನಮ್ಮ ಇಡೀ ಬಯಲಿಗೆ ಒಟ್ಟಿಗೆ ಮಳೆ ಸುರಿಸಬಲ್ಲದ್ದು ಇದೊಂದೇ ಎನ್ನಬಹುದು. ಕೊಲ್ಲಿಯಲ್ಲಿ ಹುಟ್ಟಿದ ಕುಸಿತ ಆಂಧ್ರದ ಕರಾವಳಿ ದಾಟಿ ನೇರ ಪಶ್ಚಿಮಕ್ಕೆ ಬಂದರೆ, ಬಿಡಿ ಮೋಡಗಳ ಆಟ ನಿಂತು ಎರಡು-ಮೂರು ದಿನ ಹಗಲು ರಾತ್ರಿ ಸುರಿಯುತ್ತದೆ. 2009 ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಕಂಡ ಮಹಾಪೂರ ಇಂಥದ್ದರಿಂದಲೇ ಆಯಿತು. ವರ್ಷವಿಡೀ ಮಳೆಗೆ ಬಾಯಿಬಿಡುವ ಎರಿಭೂಮಿಯ ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ನೆನೆದು ಕುಸಿದವು. 2020 ರ ಅಕ್ಟೋಬರ್ ಮಧ್ಯದಲ್ಲಿ ಕಾಕಿನಾಡದ ಬಳಿ ನೆಲ ಸೇರಿದ ಕುಸಿತ ತೆಲಂಗಾಣದ ಮೂಲಕ ಸಾಗಿದ್ದರಿಂದ ಭೀಮೆಯಲ್ಲಿ ಪೂರ ಬಂದು ಕಲಬುರಗಿ ಕಡೆ ಹೆಚ್ಚು ಹಾನಿಯಾಯಿತು. ದಾರಿ ನೂರಿನ್ನೂರು ಕಿಲೋಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಪೂರ ಬರುವ ನದಿಯೇ ಬೇರೆಯಾಗುತ್ತದೆ. ಹೀಗಾಗಿ ‘ಕೊಲ್ಲಿಯಲ್ಲಿ ಕುಸಿತ’ ಎಂಬ ಸುದ್ದಿ ಬಂದಾಗ ಅದು ಕರಾವಳಿಯನ್ನು ಎಲ್ಲಿ ದಾಟಲಿದೆ ಎಂಬ ಎರಡನೆಯ ಸುದ್ದಿಗೂ ಕಾಯಬೇಕು.

ಊರಲ್ಲಿ ಮಳೆಯಿಲ್ಲ, ಹೊಳೆ ಏಕೆ ಏರುತ್ತದೆ?

ತುಂಗಭದ್ರೆಯ ನೀರು ನಮ್ಮದಲ್ಲ, ಮಲೆನಾಡಿನದು. ತುಂಗಾ-ಭದ್ರಾ ಮೇಲ್ಭಾಗದಲ್ಲಿ, ಸಾಗರದ ಕಡೆ ಹುಟ್ಟಿ ಗಳಗನಾಥದಲ್ಲಿ ಬಂದು ಸೇರುವ ವರದೆಯ ಜಲಾನಯನದಲ್ಲಿ ಮಳೆಯಾದರೆ, ಅಥವಾ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ, ಒಣ ಬಿಸಿಲಿನಲ್ಲಿಯೇ ಹೊಳೆ ಏರುತ್ತದೆ. ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು ಶಿವಮೊಗ್ಗದ ಮಳೆಯ ಸುದ್ದಿ ಕೇಳುವುದು ಒಳ್ಳೆಯದು. ಜಿಲ್ಲೆಯ ಉತ್ತರದ ನರಗುಂದ, ರೋಣದ ಕಡೆ ಮಲಪ್ರಭೆ ಮತ್ತು ಬೆಣ್ಣಿಹಳ್ಳಗಳದ್ದೂ ಇದೇ ಸ್ವಭಾವ. ಖಾನಾಪುರದ ಕಣಕುಂಬಿಯಲ್ಲಿ ಸುರಿದದ್ದು 2019 ರ ಆಗಸ್ಟಿನಲ್ಲಿ ಕೊಣ್ಣೂರಿನ ಮನೆಗಳಿಗೆ ನುಗ್ಗಿತ್ತು.

ಎಷ್ಟು ಮಳೆಯಾದರೆ ಹಿಂಗಾರಿ ಜೋಳ ಬಿತ್ತಬಹುದು?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಮಿಲಿಮೀಟರಿನಲ್ಲಿ ಒಂದೇ ಉತ್ತರ ಹೇಳುವವರನ್ನು ನಂಬಬೇಡಿ.

ಮೊದಲು ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರಿಗಿಂತ ತುಸು ಹೆಚ್ಚು ನೀರು. 25 ಮಿಲಿಮೀಟರ್ ಎಂದರೆ ಒಂದು ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ ಅದು ಅರ್ಧ ತಾಸಿನಲ್ಲಿ ಸುರಿದರೆ ಬದು ಒಡೆದ ಹೊಲದಿಂದ ಹಳ್ಳದ ಪಾಲಾಗುತ್ತದೆ. ರಾತ್ರಿಯಿಡೀ ಹದವಾಗಿ ಬಿದ್ದರೆ ಎರಿ ಮಣ್ಣು ಅದನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಐದಾರು ಮಿಲಿಮೀಟರಿನಂತೆ ಬಿದ್ದ ಮಳೆ ಒಟ್ಟು ಲೆಕ್ಕದಲ್ಲಿ ಐವತ್ತಾದರೂ, ಮೇಲ್ಮಣ್ಣನ್ನಷ್ಟೇ ನೆನೆಸಿ ಮರುದಿನದ ಬಿಸಿಲಿಗೆ ಹಾರಿಹೋಗಿರುತ್ತದೆ.

ಹಿಂಗಾರಿ ಜೋಳ ಬೆಳೆಯುವುದು ಬಿತ್ತಿದ ಮೇಲೆ ಬೀಳುವ ಮಳೆಯನ್ನು ನಂಬಿ ಅಲ್ಲ, ಬಿತ್ತುವ ಮುಂಚೆ ನೆಲದೊಳಗೆ ಕೂತ ತೇವವನ್ನು ನಂಬಿ. ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶದಿಂದ ಏನೂ ಬಾರದಿದ್ದರೂ ಆಳವಾದ ಎರಿಭೂಮಿ ಅದನ್ನು ಸಾಕುತ್ತದೆ. ಆದ್ದರಿಂದ ಮೇಲಿನ ನಾಲ್ಕು ಬೆರಳು ಹಸಿಯಾಗಿದೆಯೇ ಎಂದು ನೋಡಿದರೆ ಸಾಲದು. ಗುದ್ದಲಿಯಿಂದ ಎರಡು ಅಡಿ ತೋಡಿ, ಕೆಳಗಿನ ಮಣ್ಣು ಮುಷ್ಟಿಯಲ್ಲಿ ಉಂಡೆಯಾಗುತ್ತದೆಯೇ, ಮೇಲಿನ ತೇವವೂ ಕೆಳಗಿನ ತೇವವೂ ಕೂಡಿವೆಯೇ, ಬೇಸಿಗೆಯ ಬಿರುಕುಗಳು ಮುಚ್ಚಿವೆಯೇ ಎಂದು ನೋಡಬೇಕು. ನಡುವೆ ಒಣ ಪದರ ಉಳಿದಿದ್ದರೆ ಮೊಳಕೆ ಚೆನ್ನಾಗಿ ಬಂದು, ತೆನೆ ಕಟ್ಟುವಾಗ ಬೆಳೆ ಕೈಕೊಡುತ್ತದೆ. ಮುಂಗಾರಿನಲ್ಲಿ ಬೀಳು ಬಿಟ್ಟು ಹರಗಿ ಇಟ್ಟ ಹೊಲ, ಹೆಸರು ಕಿತ್ತು ತೆರವಾದ ಹೊಲಕ್ಕಿಂತ ಒಂದು ಮಳೆ ಮುಂದಿರುತ್ತದೆ.

ಜೋಳಕ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸಮಯ. ಹದ ತಡವಾಗಿ ಸಿಕ್ಕರೆ ಜೋಳಕ್ಕೆ ಹಟ ಹಿಡಿಯುವ ಬದಲು ಕಡಲೆಗೆ ಹೋಗುವುದು ಜಾಣತನ. ಅದಕ್ಕೆ ನವೆಂಬರ್ ಮೊದಲ ಪಾಕ್ಷಿಕದವರೆಗೂ ಅವಕಾಶವಿದೆ. ತೆಳುವಾದ ಮಸಾರಿ ಭೂಮಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ, ಅದರ ಹೊಟ್ಟೆ ಚಿಕ್ಕದು.

ಕೊಯ್ಲಿಗೆ ಬಂದ ಬೆಳೆಯನ್ನು ಏನು ಮಾಡುವುದು?

ಜೋಳದವನು ಬೇಡುವ ಮಳೆಯೇ ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿಯವನ ಕಣ್ಣಲ್ಲಿ ನೀರು ತರಿಸುತ್ತದೆ. ಬಲಿತ ಶೇಂಗಾ ಹಸಿ ನೆಲದಲ್ಲಿ ಉಳಿದರೆ ಕಾಯಿಯೊಳಗೇ ಮೊಳೆಯುತ್ತದೆ. ಕಿತ್ತು ಹೊಲದಲ್ಲಿ ಹರವಿದ ಉಳ್ಳಾಗಡ್ಡಿ ಒಂದೇ ರಾತ್ರಿಯ ಮಳೆಗೆ ಕೊಳೆಯಲು ಶುರುವಾಗುತ್ತದೆ. ಈ ಕಾಲದ ಮಳೆ ಹೆಚ್ಚಾಗಿ ಸಂಜೆ ಮತ್ತು ರಾತ್ರಿಯದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಕೀಳುವ ಕೆಲಸವನ್ನು ಬೆಳಿಗ್ಗೆ ಮುಗಿಸಿ, ಮೂರು ಗಂಟೆಯೊಳಗೆ ತಾಡಪತ್ರಿ ಹೊದಿಸುವಷ್ಟೇ ಕಿತ್ತುಕೊಳ್ಳುವುದು ಲೇಸು.

ಎಲ್ ನಿನೊ ವರ್ಷವೆಂದರೆ ಬರ ಖಚಿತವೇ?

ಖಚಿತವಲ್ಲ, ಸಾಧ್ಯತೆ ಹೆಚ್ಚು. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬೆಚ್ಚಗಾಗುವ ಸ್ಥಿತಿಯೇ ಎಲ್ ನಿನೊ. ಅದು ಇದ್ದ 2023 ರಲ್ಲಿ ದೇಶ 1901 ರ ನಂತರದ ಅತಿ ಒಣ ಆಗಸ್ಟನ್ನು ಕಂಡಿತು, ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆದರೆ ಪೆಸಿಫಿಕ್ ಸಾಗರವೊಂದೇ ನಮ್ಮ ಮಳೆಯ ಯಜಮಾನನಲ್ಲ; ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಬೆಚ್ಚಗಾಗುವ ಸ್ಥಿತಿಯೂ ಮಳೆಯ ಮೇಲೆ ಪ್ರಭಾವ ಬೀರುತ್ತದೆ, 2019 ರಲ್ಲಿ ಅದು ಬಹಳ ಬಲವಾಗಿತ್ತು. ಇವೆಲ್ಲ ಇಡೀ ಋತುವಿನ, ಇಡೀ ದೇಶದ ಮಾತುಗಳು. ಶಿರಹಟ್ಟಿಯ ಉತ್ತರೆ ಮಳೆಯನ್ನು ಪೆಸಿಫಿಕ್‌ನಿಂದ ಓದಲು ಬಾರದು.

ಮಳೆ ನಕ್ಷತ್ರಗಳನ್ನು ನಂಬಬಹುದೇ?

ಕ್ಯಾಲೆಂಡರಾಗಿ ನಂಬಬಹುದು, ಮುನ್ಸೂಚನೆಯಾಗಿ ಅಲ್ಲ. ಉತ್ತರೆ ಸೆಪ್ಟೆಂಬರ್ 13 ರ ಸುಮಾರಿಗೆ, ಹಸ್ತ 27 ರ ಸುಮಾರಿಗೆ, ಚಿತ್ತಿ ಅಕ್ಟೋಬರ್ 10 ರ ಸುಮಾರಿಗೆ, ಸ್ವಾತಿ 24 ರ ಸುಮಾರಿಗೆ ಹೂಡುತ್ತವೆ. ಸೂರ್ಯನ ಚಲನೆಯನ್ನು ಹದಿಮೂರು-ಹದಿನಾಲ್ಕು ದಿನಗಳ ತುಂಡುಗಳಾಗಿ ಮಾಡಿದ ಈ ಲೆಕ್ಕ ಬೇಸಾಯಕ್ಕೆ ತಿಂಗಳಿಗಿಂತ ಚೆನ್ನಾಗಿ ಒಗ್ಗುತ್ತದೆ. ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎಂಬ ಗಾದೆಯಲ್ಲಿ ಕಡಲೆ ಬಿತ್ತಿದವನ ಅನುಭವವಿದೆ. ಪಂಚಾಂಗ ಹೇಳುವ ಈ ವರ್ಷದ ಮಳೆಯ ವಾಹನ ಕಪ್ಪೆಯೋ ಕತ್ತೆಯೋ ಎಂಬುದರಿಂದ ಮಾತ್ರ ಏನೂ ತಿಳಿಯದು.

ಸಿಡಿಲಿನಿಂದ ಪಾರಾಗುವುದು ಹೇಗೆ?

ಈ ಬಯಲಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಸಂಜೆಗಳ ದೊಡ್ಡ ಅಪಾಯ ಮಳೆಯಲ್ಲ, ಸಿಡಿಲು. ಬಯಲಲ್ಲಿ ಒಂಟಿಯಾಗಿ ನಿಂತ ಬೇವಿನ ಮರದ ಕೆಳಗೆ ನೆನೆಯದಂತೆ ನಿಲ್ಲುವ ಅಭ್ಯಾಸವೇ ಹೆಚ್ಚು ಜೀವ ತೆಗೆಯುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತರ ಒಳಗಿದ್ದರೆ ಕೆಲಸ ಬಿಟ್ಟು ಪಕ್ಕಾ ಮನೆ ಅಥವಾ ಮುಚ್ಚಿದ ವಾಹನ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಬರಬಾರದು. ಗುಡ್ಡದಂಚಿನಲ್ಲಿ ಕುರಿ ಮೇಯಿಸುವವರು ಎರಡು ಗಂಟೆಯ ಹೊತ್ತಿಗೇ ಏಣು ಬಿಟ್ಟು ತಗ್ಗಿಗೆ ಇಳಿಯುವುದು ಸುರಕ್ಷಿತ; ಗತ್ಯಂತರವಿಲ್ಲದಿದ್ದರೆ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಬಾರದು. ‘ದಾಮಿನಿ’ ಮತ್ತು ‘ಸಿಡಿಲು’ ಆ್ಯಪ್‌ಗಳು ಎಚ್ಚರಿಕೆ ಕೊಡುತ್ತವೆ, ಆದರೆ ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಎಣಿಕೆಯೇ ಗತಿ.

ಗುಡ್ಡದ ಮೇಲೆ ಚಳಿ ಇರುತ್ತದೆಯೇ?

ಮುನ್ನೂರು ಮೀಟರ್ ಏರಿದರೆ ಸುಮಾರು ಎರಡು ಡಿಗ್ರಿ ಕಡಿಮೆ, ಅಷ್ಟೇ. ಅಕ್ಟೋಬರ್ ಕೊನೆಯ ಶುಭ್ರ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕೆಳಗಿಳಿದು ಹಳ್ಳದ ತಗ್ಗುಗಳಲ್ಲಿ ನಿಲ್ಲುವುದರಿಂದ, ಬೆಳಗಿನ ಜಾವ ಗುಡ್ಡಕ್ಕಿಂತ ಬಯಲೇ ಹೆಚ್ಚು ಥಂಡಿಯಾಗಿದ್ದು, ಹೊಳೆಸಾಲಿನಲ್ಲಿ ಮಂಜು ಕವಿದಿರುವುದೂ ಉಂಟು. ಇದು ವನ್ಯಜೀವಿಧಾಮವಾದ್ದರಿಂದ ಒಳಗೆ ಹೋಗಲು ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲು ತಿಳಿದುಕೊಳ್ಳಿ.

ಶೀಗಿ ಹುಣ್ಣಿಮೆಗೆ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗುತ್ತೇವೆ, ಮಳೆ ಬರುತ್ತದೆಯೇ?

ಆಶ್ವಯುಜದ ಹುಣ್ಣಿಮೆ ಅಕ್ಟೋಬರ್ ತಿಂಗಳಲ್ಲಿ ಕೆಲವು ವರ್ಷ ಮುಂಚೆ, ಕೆಲವು ವರ್ಷ ತಡವಾಗಿ ಬರುತ್ತದೆ. ಮೊದಲ ವಾರದಲ್ಲಿ ಬಿದ್ದರೆ ಮಾರುತ ಇನ್ನೂ ನಮ್ಮ ಮೇಲೆಯೇ ಇರುವುದರಿಂದ ಸಂಜೆಯ ಮಳೆಯ ಸಾಧ್ಯತೆ ಸಾಕಷ್ಟಿದೆ. ಕೊನೆಯ ವಾರದಲ್ಲಿ ಬಿದ್ದರೆ, ಕೊಲ್ಲಿಯಲ್ಲಿ ಕುಸಿತವಿಲ್ಲದ ಪಕ್ಷದಲ್ಲಿ, ಬಿಸಿಲೇ ಹೆಚ್ಚು. ಯಾವ ವಾರವಾದರೂ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೋಗಿ, ಊಟ ಮುಗಿಸಿ, ಮೂರು ಗಂಟೆಗೆ ಬಂಡಿ ಹೂಡುವುದು ಒಳ್ಳೆಯದು. ಎರಿ ದಾರಿಯಲ್ಲಿ ಹತ್ತು ಮಿಲಿಮೀಟರ್ ಬಿದ್ದರೂ ಗಾಲಿ ಮುಂದೆ ಸಾಗದು.